ಬಾಗಿದ ಸರಪಳಿ, ತುಂಡಾದ ಸರಪಳಿ

ಒಲೆಯ ಹತ್ತಿರ ಮರೆತಿಟ್ಟ ಪಾಲಿಥೀನ್ ಡಬ್ಬಿ ಮೆತ್ತಗಾಗಿ ಸೊಟ್ಟಗಾಗುವುದನ್ನು ನೀವು ಕಂಡಿರಬಹುದು. ಆಗ ಅದರೊಳಗೆ ನಡೆಯುವುದೇನು?

ಪಾಲಿಥೀನಿನ ಒಂದೊಂದು ಅಣುವೂ ಸಾವಿರಾರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಸರಪಳಿ. ಕಣ್ಣಿಗೆ ಅದು ಕಾಣದು. ಆದರೆ 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಅವಕೆಂಪು ಕಿರಣಗಳನ್ನು ಹಾಯಿಸಿದರೆ, ತಾನು ಕಂಪಿಸುವ ಲಯಕ್ಕೆ ಹೊಂದಿದ ಕಿರಣವನ್ನು ಸರಪಳಿ ಹೀರಿಕೊಳ್ಳುತ್ತದೆ. ಭಂಗಿ ಬದಲಾದರೆ ಲಯವೂ ಬದಲಾಗುತ್ತದೆ.

ತಣ್ಣಗಿರುವಾಗ ಸರಪಳಿಗಳು ಬಹುಮಟ್ಟಿಗೆ ನೇರವಾಗಿ, ಒತ್ತೊತ್ತಾಗಿ ಅಣಿಗೊಂಡಿರುತ್ತವೆ. ರೋಹಿತದಲ್ಲಿ ಸೆಂಟಿಮೀಟರಿಗೆ 720 ಮತ್ತು 730 ಅಲೆಗಳಿರುವೆಡೆ ಅವಳಿ ಗೆರೆಗಳು ಕಾಣುತ್ತವೆ. ಕಾಯಿಸಿ ಕರಗಿಸಿದರೆ 730ರ ಗೆರೆ ಅಳಿಯುತ್ತದೆ. ಸರಪಳಿ ಅಲ್ಲಲ್ಲಿ ತಿರುಚಿಕೊಂಡ ಗುರುತಾಗಿ 1303ರ ಸುತ್ತಲಿನ ಗೆರೆ ಬಲಿಯುತ್ತದೆ. ಆರಿಸಿದರೆ ಅವಳಿ ಗೆರೆಗಳು ಮರಳುತ್ತವೆ. ಎಂದರೆ, ಸರಪಳಿ ಬಾಗಿತ್ತೇ ಹೊರತು ತುಂಡಾಗಿರಲಿಲ್ಲ.

ಕಾವು ಮಿತಿಮೀರಿ ಗಾಳಿಯೂ ಕೂಡಿದರೆ ಮಾತು ಬೇರೆ. ಆಗ ಸರಪಳಿಗೆ ಆಮ್ಲಜನಕ ಅಂಟಿ, 1715ರ ಬಳಿ ಹೊಸದೊಂದು ಗೆರೆ ಮೂಡುತ್ತದೆ, ಸರಪಳಿಗಳು ತುಂಡಾಗತೊಡಗುತ್ತವೆ. ಎಷ್ಟು ಆರಿಸಿದರೂ ಆ ಗೆರೆ ಹೋಗದು. ಬಾಗಿದ್ದು ಮತ್ತೆ ನೇರವಾದೀತು, ತುಂಡಾದದ್ದು ಕೂಡಲಾರದು. ಡಬ್ಬಿ ಬಿರಿಯುವ ಮುನ್ನವೇ ಈ ಭೇದವನ್ನು ಅವಕೆಂಪು ಕಿರಣ ತಿಳಿಸಿಕೊಡುತ್ತದೆ.