ಓರೆ ಬೆಳಕಿನಲ್ಲಿ ವೆಂಕಟಪ್ಪ



ಬೇಸಿಗೆ ರಜೆಯಲ್ಲಿ ಮಂಗಳೂರಿನ ದೇರೆಬೈಲಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಪಿ.ಯು.ಸಿ. ಓದುವ ಅಕ್ಕನ ಮಗಳಿಗೆ, "ಬೆಂಗಳೂರಿಗೆ ಬಾ, ವೆಂಕಟಪ್ಪ ಚಿತ್ರಶಾಲೆ ತೋರಿಸುತ್ತೇನೆ" ಎಂದೆ. ಅವಳು ನಕ್ಕು, "ಅಷ್ಟು ದೂರ ಯಾಕೆ ಮಾವ? ನೀವೇ ಟಿ.ವಿ.ಯಲ್ಲಿ ತೋರಿಸಿದ್ದೀರಲ್ಲ, ಅದನ್ನು ನೋಡಿದ್ರೆ ಸಾಕಾಗುದಿಲ್ವಾ?" ಎಂದಳು. ಟಿ.ವಿ.ಯಿಂದಲೇ ಅನ್ನ ತಿನ್ನುವ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಂದು ಆ ಉತ್ತರವನ್ನು ನಿಮಗೂ ಹೇಳಬೇಕೆಂದಿದ್ದೇನೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ಈ ಚಿತ್ರಶಾಲೆ ಇದೆ. ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಮಹಾರಾಜರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಊಟಿಯ ಮಂಜು, ಮೋಡಗಳನ್ನು ಜಲವರ್ಣದಲ್ಲಿ ಬರೆದ ಕೈಯೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿತು. ಶಿವತಾಂಡವದ ಫಲಕ ಅವುಗಳಲ್ಲೊಂದು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದ್ದರು.

ಉಬ್ಬುಶಿಲ್ಪವೆಂದರೆ ಏನು? ಹಿಂಬದಿಯ ಹಲಗೆಯಿಂದ ಸ್ವಲ್ಪವೇ ಮೇಲೆದ್ದು ನಿಂತ ಆಕೃತಿ. ಪೂರ್ತಿ ಗುಂಡನೆಯ ಮೂರ್ತಿಯಲ್ಲ, ಚಪ್ಪಟೆ ಚಿತ್ರವೂ ಅಲ್ಲ. ಪ್ಲಾಸ್ಟರ್ ಬಿಳಿ, ಹಿನ್ನೆಲೆಯೂ ಬಿಳಿ. ಬಣ್ಣದ ಸಹಾಯವಿಲ್ಲ, ಗೆರೆಯ ಸಹಾಯವೂ ಇಲ್ಲ. ಹಾಗಾದರೆ ಕಣ್ಣಿಗೆ ಕಾಣುವುದು ಹೇಗೆ?

ಅದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಚಿತ್ರೀಕರಣಕ್ಕೆ ಹೋದಾಗ ಎರಡು ದೀಪಗಳನ್ನು ಫಲಕದ ಎದುರಿಗೇ ನಿಲ್ಲಿಸಿದೆ. ಬೆಳಕು ಹೆಚ್ಚಾದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಲೆಕ್ಕ. ಮಾನಿಟರ್ ನೋಡಿದರೆ ಸುಣ್ಣ ಬಳಿದ ಗೋಡೆ! ಭೌತಶಾಸ್ತ್ರದ ಪದವೀಧರನಾದ ನನಗೆ ನಾಚಿಕೆಯಾಯಿತು. ಒಂದು ದೀಪ ಆರಿಸಿ, ಇನ್ನೊಂದನ್ನು ಪಕ್ಕಕ್ಕೆ ಸರಿಸಿ, ಬೆಳಕು ಫಲಕವನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಇಟ್ಟೆವು. ಆಗ ತೋಳು ಎದ್ದಿತು, ಬೆರಳು ಬಿಡಿಬಿಡಿಯಾಯಿತು, ಬಟ್ಟೆಯ ನೆರಿಗೆ ಮೂಡಿತು. ಉಬ್ಬಿನ ಎತ್ತರ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ನೆರಳು ಬದಲಾಗುತ್ತದೆ. ಶಿಲ್ಪಿ ಪ್ಲಾಸ್ಟರನ್ನು ಮಾತ್ರವಲ್ಲ, ನೆರಳನ್ನೂ ಅಳೆದು ಕೆಲಸ ಮಾಡಿರುತ್ತಾನೆ.

ಈ ಪ್ಲಾಸ್ಟರಿನ ಗುಣವನ್ನೂ ಗಮನಿಸಿ. ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಹರಳಿನೊಳಗಿನ ನೀರಿನ ಮುಕ್ಕಾಲು ಪಾಲು ಹೊರಟುಹೋಗುತ್ತದೆ. ಆ ಪುಡಿಗೆ ಮತ್ತೆ ನೀರು ಬೆರೆಸಿದಾಗ ಸೂಜಿಯಂಥ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಗಟ್ಟಿಯಾಗುವಾಗ ತುಸು ಹಿಗ್ಗುವುದರಿಂದ ಅಚ್ಚಿನ ಮೂಲೆ ಮೂಲೆಯನ್ನೂ ತುಂಬುತ್ತದೆ. ಆದರೆ ಕಲ್ಲಿನ ಆಯುಷ್ಯ ಇದಕ್ಕಿಲ್ಲ. ಪೆಟ್ಟು ಬಿದ್ದರೆ ಒಡೆಯುತ್ತದೆ, ತೇವ ತಗುಲಿದರೆ ಸವೆಯುತ್ತದೆ. ಇಂಥ ಶಿಲ್ಪಕ್ಕೆ ಒಂದು ಸೂರು ಬೇಕೇ ಬೇಕು.

ವೆಂಕಟಪ್ಪನವರಿಗೆ ಆ ಸೂರು ಸುಲಭವಾಗಿ ದೊರೆಯಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಗಾಗಿ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ಒಡೆಯರು ತೀರಿಕೊಂಡ ಮೇಲೆ ಆ ಕೆಲಸ ನಿಂತಿತು; ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು, ತೀರ್ಪು ಅವರ ಪರವಾಗಿ ಬರಲಿಲ್ಲ. ಅವಿವಾಹಿತರಾಗಿಯೇ ಉಳಿದು, ಬೆಂಗಳೂರಿನಲ್ಲಿ ಕೊನೆಯ ವರ್ಷಗಳನ್ನು ಕಳೆದು 1965ರಲ್ಲಿ ನಿಧನರಾದರು. ಅವರ ಹೆಸರಿನ ಚಿತ್ರಶಾಲೆ ಬಾಗಿಲು ತೆರೆದದ್ದು 1970ರ ದಶಕದಲ್ಲಿ. ಅದನ್ನು ಅವರು ಕಣ್ಣಾರೆ ಕಾಣಲಿಲ್ಲ.

ಅಕ್ಕನ ಮಗಳಿಗೆ ಉತ್ತರ ದೊರೆತದ್ದು ಅಂದು ಸಂಜೆ. ಗುಡುಗು ಮಳೆಗೆ ಕರೆಂಟು ಹೋಯಿತು. ಒಂದು ನಾಣ್ಯವನ್ನು ಮೇಜಿನ ಮೇಲಿಟ್ಟು ಟಾರ್ಚ್ ಕೊಟ್ಟೆ. ಮೇಲಿನಿಂದ ಬೆಳಕು ಬಿಟ್ಟಾಗ ಅವಳಿಗೆ ಬರೀ ಹೊಳಪು ಕಂಡಿತು. ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿದಾಗ ಸಿಂಹಗಳು ಎದ್ದು ನಿಂತವು. ನಿಧಾನವಾಗಿ ಟಾರ್ಚನ್ನು ನಾಣ್ಯದ ಸುತ್ತ ತಿರುಗಿಸಿದಳು. "ಮಾವ, ಟಿ.ವಿ.ಯಲ್ಲಿ ನೀವು ಇದರಲ್ಲಿ ಒಂದನ್ನೇ ಆರಿಸಿ ತೋರಿಸುದಲ್ವಾ?" ಎಂದಳು. ನಿಜ. ಕ್ಯಾಮೆರಾ ನನ್ನ ಆಯ್ಕೆಯನ್ನು ತೋರಿಸುತ್ತದೆ. ಚಿತ್ರಶಾಲೆಯಲ್ಲಿ ಎರಡು ಹೆಜ್ಜೆ ಆಚೆ ಸರಿದು ನೋಡುವ ಆಯ್ಕೆ ನಿಮ್ಮದು.

ಮರುದಿನ ಇಬ್ಬರೂ ಹತ್ತಿರದ ಕದ್ರಿಗೆ ಹೋದೆವು. ಅಲ್ಲಿನ ಕಂಚಿನ ಲೋಕೇಶ್ವರನ ಪೀಠದ ಶಾಸನ 968ನೇ ಇಸವಿಯದು. ಅದರಲ್ಲಿ ಆಳುಪ ಅರಸ ಕುಂದವರ್ಮನ ಹೆಸರಿದೆ. ಆ ಎರಕ ಹೊಯ್ದ ಕುಶಲಿಯ ಹೆಸರು ನಮ್ಮವರೆಗೆ ಬಂದಿಲ್ಲ. ಶಿಲ್ಪಿಯೊಬ್ಬನ ಹೆಸರಿನಲ್ಲೇ ಒಂದು ಮನೆ ಇರುವುದು ಎಷ್ಟು ಅಪರೂಪವೆಂದು ಆಗ ನಮಗೆ ಅನ್ನಿಸಿತು.

ಬೆಂಗಳೂರಿಗೆ ಹೋಗುವ ಅವಕಾಶ ದೊರೆತರೆ, ಚಿತ್ರಶಾಲೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿಕೊಂಡು ಹೋಗಿ. ಹೋದಾಗ ಎಲ್ಲವನ್ನೂ ನೋಡುವ ಅವಸರ ಬೇಡ. ಒಂದೇ ಫಲಕದ ಮುಂದೆ ಹತ್ತು ನಿಮಿಷ ನಿಲ್ಲಿ. ಎಡಕ್ಕೆ ಸರಿಯಿರಿ, ಬಲಕ್ಕೆ ಸರಿಯಿರಿ. ಮುಟ್ಟಬೇಡಿ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳಿ. ಅಲ್ಲಿಯವರೆಗೆ ಮನೆಯಲ್ಲಿ ಒಂದು ನಾಣ್ಯ, ಒಂದು ಟಾರ್ಚ್ ಸಾಕು.