ಗೋಧಿ ಬೀಸದ ದಿನ



ಇಟಲಿಯ ದಕ್ಷಿಣದ ದೊಡ್ಡ ದ್ವೀಪ ಸಿಸಿಲಿ. ಅಲ್ಲಿನ ಪಲೆರ್ಮೊ ನಗರದಲ್ಲಿ, ಹಳೆಯ ಪದ್ಧತಿ ಬಿಡದ ಮನೆಗಳಲ್ಲಿ, ಡಿಸೆಂಬರ್ 13ರಂದು ಬ್ರೆಡ್ ತಿನ್ನುವುದಿಲ್ಲ, ಪಾಸ್ತಾ ಬೇಯಿಸುವುದಿಲ್ಲ. ಬ್ರೆಡ್ಡಿಲ್ಲದೆ ಊಟವೇ ಅಲ್ಲ ಎನ್ನುವ ಜನ ಅಂದು ಗೋಧಿ ಹಿಟ್ಟನ್ನೇ ಮುಟ್ಟುವುದಿಲ್ಲ. ಬದಲಿಗೆ ಇಡೀ ಗೋಧಿಯನ್ನು ಎರಡು ಮೂರು ದಿನ ನೆನೆಸಿ, ಗಂಟೆಗಟ್ಟಲೆ ಬೇಯಿಸಿ, ರಿಕೋತ್ತ ಎಂಬ ಮೆತ್ತನೆಯ ಚೀಸನ್ನು ಸಕ್ಕರೆಯೊಂದಿಗೆ ಬೆರೆಸಿ ಉಣ್ಣುತ್ತಾರೆ. ಅದರ ಹೆಸರು ಕುಚ್ಚೀಯ. ನಮ್ಮ ಉತ್ತರ ಕರ್ನಾಟಕದ ಗೋಧಿ ಹುಗ್ಗಿ ಉಂಡವರಿಗೆ ಅದರ ಹದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದು ಸಾಂತಾ ಲೂಚೀಯ ಹಬ್ಬ. ಕಣ್ಣಿನ ಬೆಳಕನ್ನು ಕಾಯುವ ಸಂತಳೆಂದು ಜನ ಅವಳನ್ನು ನಂಬುತ್ತಾರೆ. 1582ರಲ್ಲಿ ಯುರೋಪಿನ ಪಂಚಾಂಗ ತಿದ್ದುವ ಮೊದಲು ವರ್ಷದ ಅತಿ ಚಿಕ್ಕ ಹಗಲು ಬರುತ್ತಿದ್ದದ್ದು ಈ ದಿನದ ಆಸುಪಾಸಿನಲ್ಲೇ. ಕತ್ತಲು ಹೆಚ್ಚಿರುವಾಗ ಬೆಳಕಿನ ಹಬ್ಬ. ಗೋಧಿಯ ಕಥೆ ಅದರೊಡನೆ ಸೇರಿದ್ದು ಆಮೇಲೆ. 1646ರಲ್ಲಿ ಸಿಸಿಲಿಗೆ ಭೀಕರ ಬರ ಬಂತಂತೆ. ಜನ ಲೂಚೀಯಳಿಗೆ ಮೊರೆಯಿಟ್ಟರಂತೆ. ಅವಳ ಹಬ್ಬದ ದಿನವೇ ಗೋಧಿ ತುಂಬಿದ ಹಡಗು ಬಂದರಿಗೆ ಬಂತು. ಬೀಸಿ, ನಾದಿ, ಸುಡುವಷ್ಟು ಹೊತ್ತು ಯಾರ ಹೊಟ್ಟೆಯೂ ಕಾಯಲಾರದು. ಕಾಳನ್ನು ಹಾಗೆಯೇ ಬೇಯಿಸಿ, ಮೇಲೊಂದಿಷ್ಟು ಆಲಿವ್ ಎಣ್ಣೆ ಸುರಿದು ತಿಂದರು. ಪಲೆರ್ಮೊದವರು ಇದು ನಮ್ಮೂರಿನ ಕಥೆ ಎನ್ನುತ್ತಾರೆ, ಅದೇ ದ್ವೀಪದ ಇನ್ನೊಂದು ನಗರ ಸಿರಾಕೂಸಾದವರು ನಮ್ಮದು ಎನ್ನುತ್ತಾರೆ. ಹಡಗು ಯಾವ ಬಂದರಿಗೆ ಬಂದಿದ್ದರೂ, ಹಸಿದವರ ಆತುರವನ್ನು ಆ ದ್ವೀಪ ಮರೆತಿಲ್ಲ. ಒಂದು ಬಟ್ಟಲು ಬೆಂದ ಗೋಧಿಯಲ್ಲಿ ಅದನ್ನು ಜೋಪಾನವಾಗಿ ಇಟ್ಟುಕೊಂಡಿದೆ.

ನಮ್ಮ ಪೇಟೆಗಳಲ್ಲಿ ಇಟಲಿ ಎಂದರೆ ಪಿಜ್ಜಾ. ಮಳೆಗಾಲಕ್ಕೂ ಬೇಸಿಗೆಗೂ ಅದೇ ರುಚಿ. ಆದರೆ ಇಟಲಿಯ ಅಡುಗೆ ಬಹುಮಟ್ಟಿಗೆ ಹುಟ್ಟಿದ್ದು ಋತು ಕೊಟ್ಟದ್ದನ್ನು ಮಾತ್ರ ಉಣ್ಣಬೇಕಾಗಿದ್ದ ಬಡವರ ಮನೆಗಳಲ್ಲಿ. ಅಲ್ಲಿನ ಹಬ್ಬದಡುಗೆಯ ತಳದಲ್ಲಿ ಹಸಿವಿನ ನೆನಪಿದೆ.

ಮಾರ್ಚ್ 19 ಯೇಸುವಿನ ಸಾಕುತಂದೆ ಸಂತ ಜೋಸೆಫನ ಹಬ್ಬ. ಸಿಸಿಲಿಯಲ್ಲಿ ಅಂದು ಹೂವು, ಹಣ್ಣು, ಬಗೆಬಗೆಯ ಆಕಾರದ ಬ್ರೆಡ್ಡುಗಳಿಂದ ಮೇಜು ಸಿಂಗರಿಸಿ ಬಡವರನ್ನು ಕರೆದು ಉಣಬಡಿಸುವ ಪದ್ಧತಿಯಿದೆ. ಹಿಂದೊಮ್ಮೆ ಮಳೆಯಿಲ್ಲದ ಕಾಲದಲ್ಲಿ ಫಾವಾ ಎಂಬ ದಪ್ಪ ಅವರೆಯಂಥ ಕಾಳು ಜೀವ ಉಳಿಸಿತೆಂದು ಹೇಳುತ್ತಾರೆ, ಹಾಗಾಗಿ ಆ ಮೇಜಿನ ಮೇಲೆ ಅದಕ್ಕೂ ಜಾಗವಿದೆ. ಅಂದಿನ ಪಾಸ್ತಾದ ಮೇಲೆ ಚೀಸ್ ಬದಲು ಹುರಿದ ಬ್ರೆಡ್ ಪುಡಿ ಉದುರಿಸುತ್ತಾರೆ. ಚೀಸ್ ಬಡವರ ಕೈಗೆ ಎಟುಕುತ್ತಿರಲಿಲ್ಲ. ಜೋಸೆಫ್ ಬಡಗಿಯಾಗಿದ್ದವನು, ಹಾಗಾಗಿ ಆ ಪುಡಿ ಅವನ ಗರಗಸದ ಹೊಟ್ಟು ಎಂದು ನಂಬಿದರು. ಇಲ್ಲದ್ದನ್ನು ಇಷ್ಟು ಗೌರವದಿಂದ ತುಂಬಿಕೊಂಡವರ ಬಗ್ಗೆ ನನಗೆ ಅಪಾರ ಪ್ರೀತಿ.

ಮಧ್ಯ ಇಟಲಿಯ ಟಸ್ಕನಿಯ ಹಳ್ಳಿಯವರು ತಂಗಳು ಬ್ರೆಡ್ಡನ್ನು ಎಸೆದವರಲ್ಲ. ಚಳಿಗಾಲದಲ್ಲಿ ಕರಿ ಎಲೆಕೋಸು, ಬೀನ್ಸ್ ಕಾಳಿನ ಜೊತೆ ಅದನ್ನು ಬೇಯಿಸಿ, ಮರುದಿನ ಮತ್ತೆ ಕುದಿಸಿದರೆ ರಿಬೊಲ್ಲೀತಾ. ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು. ಹಿಮ ಸೋಕಿದ ಮೇಲೆ ಆ ಕೋಸಿಗೆ ಸಿಹಿ ಬರುತ್ತದೆ, ಆದ್ದರಿಂದ ಅದಕ್ಕಾಗಿ ಚಳಿಯನ್ನು ಕಾಯುತ್ತಾರೆ. ಬೇಸಿಗೆಯಲ್ಲಿ ಅದೇ ತಂಗಳು ಬ್ರೆಡ್ ನೀರಲ್ಲಿ ನೆನೆದು, ಟೊಮೆಟೊ, ಈರುಳ್ಳಿಯೊಂದಿಗೆ ಪಾನ್ಜನೆಲ್ಲಾ ಆಗುತ್ತದೆ.

ಆ ಟೊಮೆಟೊ ಹೊರಗಿನಿಂದ ಬಂದ ಅತಿಥಿ. 1548ರ ಅಕ್ಟೋಬರ್ 31ರಂದು ಫ್ಲಾರೆನ್ಸಿನ ಡ್ಯೂಕ್ ಕೋಸಿಮೊ ದೆ ಮೆದಿಚಿಯ ಪೀಸಾದ ಅರಮನೆಗೆ ಒಂದು ಬುಟ್ಟಿ ಟೊಮೆಟೊ ಬಂದದ್ದು ದಾಖಲೆಯಲ್ಲಿದೆ. ಹೊನ್ನಿನ ಹಣ್ಣು ಎಂಬರ್ಥದ ಹೆಸರು ಕೊಟ್ಟರೂ ಬಹುಕಾಲ ಅದನ್ನು ಜನ ಅನುಮಾನದಿಂದಲೇ ನೋಡಿದರು. ಇಂದು ಆಗಸ್ಟ್ ಬಂತೆಂದರೆ ದಕ್ಷಿಣ ಇಟಲಿಯಲ್ಲಿ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಅಂಗಳದಲ್ಲಿ. ನಮ್ಮ ಹಪ್ಪಳ ಸಂಡಿಗೆಯ ದಿನಗಳಂತೆಯೇ. ಒಬ್ಬರು ಹಣ್ಣು ತೊಳೆದರೆ ಇನ್ನೊಬ್ಬರು ಸಿಪ್ಪೆ ಬೀಜ ಬೇರೆ ಮಾಡುವ ಯಂತ್ರದ ಹಿಡಿ ತಿರುಗಿಸುತ್ತಾರೆ, ಮಕ್ಕಳು ಬಾಟಲಿಗೊಂದು ಬೆಸಿಲ್ ಎಲೆ ಹಾಕುತ್ತಾರೆ. ತುಂಬಿದ ಬಾಟಲಿಗಳನ್ನು ಬಟ್ಟೆ ಸುತ್ತಿ ದೊಡ್ಡ ಡ್ರಮ್ಮಿನಲ್ಲಿ ಕುದಿಸುತ್ತಾರೆ. ಚಳಿಗಾಲದ ಭಾನುವಾರಗಳಿಗೆ ಆಗಸ್ಟಿನ ಬಿಸಿಲು ಬಾಟಲಿಯಲ್ಲಿ ಉಳಿಯುತ್ತದೆ.

ನವೆಂಬರಿನಲ್ಲಿ ಹೊಸ ಆಲಿವ್ ಎಣ್ಣೆ. ಹಸಿರು ಬಣ್ಣ, ಗಂಟಲಲ್ಲಿ ಕಾಳುಮೆಣಸಿನ ಚುರುಕು. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ ಈ ಎಣ್ಣೆ ಸುರಿದರೆ ಅಷ್ಟೇ ಸಾಕು.

ಇಟಲಿಯ ಲೇಖಕ ಪೆಲ್ಲೆಗ್ರೀನೊ ಆರ್ತೂಸಿ 1891ರಲ್ಲಿ ಸ್ವಂತ ಹಣದಿಂದ ಅಚ್ಚು ಹಾಕಿಸಿದ ಅಡುಗೆ ಪುಸ್ತಕದ ಕೊನೆಯಲ್ಲಿ ಪ್ರತಿ ತಿಂಗಳಿಗೂ ಊಟದ ಪಟ್ಟಿಯಿದೆ. ಯಾವ ತಿಂಗಳು ಎಂದು ತಿಳಿಯದೆ ಏನು ಬೇಯಿಸಬೇಕೆಂದು ಅವನು ಹೇಳಲಾರ. ಆ ಪುಸ್ತಕ ಇಂದಿಗೂ ಅಲ್ಲಿನ ಮನೆಗಳಲ್ಲಿದೆ.

2025ರ ಡಿಸೆಂಬರ್ 10ರಂದು, ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ಇಟಲಿಯ ಅಡುಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿಯೂ ಅದೇ ಸಭೆಯಲ್ಲಿ ಆ ಪಟ್ಟಿಗೆ ಸೇರಿತು. ಅದಾದ ಮೂರನೆಯ ದಿನ ಸಾಂತಾ ಲೂಚೀಯ ಹಬ್ಬ. ಸಿಸಿಲಿಯ ಮನೆಗಳಲ್ಲಿ ಗೋಧಿ ಆಗಲೇ ನೆನೆಯುತ್ತಿತ್ತು.