ಚಿತ್ರದ ಕೆಳಗಿನ ಹೆಸರು



ನಮ್ಮ ಶಾಲೆಯ ಮಕ್ಕಳ ಯಕ್ಷಗಾನಕ್ಕೆ ವೇಷಭೂಷಣ ಬೇಕಿತ್ತು. ಬಡಗುತಿಟ್ಟಿನ ಚೌಕಿಯ ಛಾಯಾಚಿತ್ರಗಳ ಪುಸ್ತಕ ಮಾಡಿ ಮಾರೋಣವೆಂದು ಹಳೆಯ ವಿದ್ಯಾರ್ಥಿಗಳು ನಿರ್ಧರಿಸಿದೆವು. ಪ್ರಕಟಣೆಯ ಹೊಣೆ ನನ್ನ ಮೇಲೆ ಬಿತ್ತು.

ಮೊದಲು ಕಲಿತದ್ದು ಲೆಕ್ಕ. ಬಣ್ಣದ ಮುದ್ರಣಕ್ಕೆ ನಾಲ್ಕು ಪ್ಲೇಟ್ ಬೇಕು. ಅದರ ಖರ್ಚು ನೂರು ಪ್ರತಿಗೂ ಸಾವಿರ ಪ್ರತಿಗೂ ಒಂದೇ. ಹಾಗೆಂದು ಸಾವಿರ ಅಚ್ಚು ಹಾಕಿ ಬೀರುವಿನಲ್ಲಿಟ್ಟರೆ ವೇಷಕ್ಕೆ ದುಡ್ಡೆಲ್ಲಿ? ಮುಂಗಡ ರಸೀದಿ ಹರಿದ ಮೇಲೆಯೇ ಪ್ರತಿಗಳ ಸಂಖ್ಯೆ ನಿಶ್ಚಯಿಸಿದೆವು. ಮೊಬೈಲಿನಲ್ಲಿ ಚೆಂದ ಕಂಡ ಎಷ್ಟೋ ಚಿತ್ರಗಳು ಇಂಚಿಗೆ 300 ಚುಕ್ಕಿಯ ಅಳತೆಗೆ ನಿಲ್ಲದೆ ಹೊರಗುಳಿದವು.

ದೊಡ್ಡ ಪಾಠ ಆಮೇಲೆ. ಕರಡು ಪ್ರತಿಯನ್ನು ಶಾಲೆಗೆ ತಂದಿದ್ದೆ. ಒಂದು ಚಿತ್ರದಲ್ಲಿ ಹೆಸರಾಂತ ಕಲಾವಿದರಿಗೆ ಒಬ್ಬರು ಕೇದಗೆ ಮುಂದಲೆ ಕಟ್ಟುತ್ತಿದ್ದರು. ಕೆಳಗೆ ಕಲಾವಿದರ ಹೆಸರಷ್ಟೇ ಹಾಕಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೋಡಿ, “ಸರ್, ಕಟ್ಟೂದ್ ನಮ್ ಅಪ್ಪಯ್ಯ. ಅವ್ರ ಹೆಸ್ರ್ ಇಲ್ಯಾ?” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಪ್ಲೇಟ್ ಆಗಲೇ ಸಿದ್ಧವಾಗಿತ್ತು. ಕೆಲಸ ನಿಲ್ಲಿಸಿ, ಚಿತ್ರಗಳನ್ನು ಹಿಡಿದು ಮನೆಮನೆಗೆ ಹೋಗಿ ಹೆಸರು ಬರೆದುಕೊಂಡೆ; ಮೊದಲೇ ಕೇಳಬೇಕಿದ್ದ ಒಪ್ಪಿಗೆಯನ್ನೂ ಕೇಳಿದೆ. ಅಕ್ಷರಗಳಿದ್ದದ್ದು ಕಪ್ಪು ಬಣ್ಣದಲ್ಲಿ; ತಪ್ಪಿದ ಪುಟಗಳಿಗೆ ಆ ಪ್ಲೇಟ್ ಮಾತ್ರ ಮತ್ತೆ ಮಾಡಿಸಿದೆವು. ತಪ್ಪು ನನ್ನದಾದ್ದರಿಂದ ಅದರ ಖರ್ಚನ್ನು ಪುಸ್ತಕದ ಲೆಕ್ಕಕ್ಕೆ ಸೇರಿಸಲಿಲ್ಲ.

ಇಂದು ಸಂಜೆ ಮಕ್ಕಳು ತೊಡುವ ವೇಷಗಳು ಆ ಪುಸ್ತಕದ ಹಣದಿಂದ ಬಂದವು. ಜಮಾಖರ್ಚಿನ ಪಟ್ಟಿ ಶಾಲೆಯ ಫಲಕದಲ್ಲಿದೆ, ದಯವಿಟ್ಟು ನೋಡಿ. ಚೌಕಿಯಲ್ಲಿ ಮಕ್ಕಳಿಗೆ ಮುಂದಲೆ ಕಟ್ಟುವವರು ಆ ಹುಡುಗಿಯ ಅಪ್ಪಯ್ಯನೇ.